ಬಾರುಕೋಲು ಕಸಿದವನು

"ಬೀಳುವಾಗ ಮುಖ ಮಣ್ಣಿಗೆ ತಾಗಬೇಕು ಸರ್. ಆಗಲೇ ನೋವು ಕಾಣೋದು," ಎಂದ ನಿರ್ದೇಶಕ. ದೇವಾನಂದ ತಲೆಯಾಡಿಸಿದ. ಆಳಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ ಅವನು. ನಾಟಕದ ಹುಚ್ಚು ಬೇರೆ. ಇದು ನಾಲ್ಕನೇ ಸಿನಿಮಾ. ನಾಲ್ಕರಲ್ಲೂ ದಲಿತ ಜೀತದಾಳು, ನಾಲ್ಕರಲ್ಲೂ ಗೌಡನ ಬಾರುಕೋಲಿಗೆ ಬೆನ್ನು ಕೊಡುವವನು. ಆಡಿಷನ್ನಿನಲ್ಲಿ ರಾಜನ ಮಾತು ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. "ನಿಮ್ಮ ಮುಖದಲ್ಲೇ ನೋವಿದೆ" ಎಂದು ಈ ಪಾತ್ರ ಕೊಟ್ಟರು. ಯಾವ ನೋವು ಎಂದು ಮನೆಗೆ ಹೋಗಿ ಕನ್ನಡಿಯಲ್ಲಿ ಹುಡುಕಿದ್ದ.

ಮಾದನಹಿಪ್ಪರಗಾದ ಹೊರಗೆ ಶೂಟಿಂಗ್. ಮಗನ ನಟನೆ ನೋಡಲೆಂದು ದೇವಾನಂದನ ಅಪ್ಪ, ಮುದುಕ ಮಹಾದೇವಪ್ಪ, ಬಸ್ಸು ಹತ್ತಿ ಬಂದಿದ್ದ. ಗೌಡನ ವೇಷದವನು ಬಾರುಕೋಲು ಬೀಸಿದ. ದೇವಾನಂದ ಮಣ್ಣಿಗೆ ಬಿದ್ದು ಅವನ ಕಾಲು ಹಿಡಿದ.

"ನಿಂದ್ರಸ್ರಿ!" ಮುದುಕ ಕ್ಯಾಮೆರಾದ ಮುಂದೆಯೇ ನಡೆದು ಬಂದ. "ಇದ್ಯಾರ ಕತಿ?"

"ನಿಮ್ಮದೇ ಅಜ್ಜಾ. ನಿಮ್ಮ ಜನರ ಪರವಾಗಿಯೇ ಮಾಡ್ತಿರೋದು." ನಿರ್ದೇಶಕ ಎದ್ದು ನಿಂತು ಕೈಮುಗಿದೇ ಹೇಳಿದ.

"ನಮ್ಮ ಕತಿ ಹಿಂಗಿಲ್ರಿ ಸಾಹೇಬ್ರ. ಹದಿನೆಂಟು ವರ್ಸದಾಂವ ಇದ್ದೆ. ನಮ್ಮಪ್ಪಗ ಹೊಡೀಲಾಕ ಗೌಡ ಕೈ ಎತ್ತಿದ. ಬಾರಕೋಲ ಕಸ್ಕೊಂಡು ಮುರ್ದು ಅವನ ಕಾಲಾಗ ಒಗದೆ. ಊರೆಲ್ಲಾ ನೋಡ್ತು."

ಚಿಕ್ಕಂದಿನಿಂದ ಕೇಳಿದ್ದ ಮಾತು. ಇದನ್ನು ತಾನೇಕೆ ಒಮ್ಮೆಯೂ ಯಾರಿಗೂ ಹೇಳಲಿಲ್ಲ? ದೇವಾನಂದನಿಗೆ ತಿಳಿಯಲಿಲ್ಲ. ನಿರ್ದೇಶಕನ ಕಣ್ಣುಗಳು ಮಾತ್ರ ಹೊಳೆದವು. "ಅದ್ಭುತ! ಇದನ್ನೇ ಹಾಕೋಣ!" ಬೇವಿನ ನೆರಳಿಗೆ ಕೂತು ಸರಸರ ಬರೆಯತೊಡಗಿದ. ಅಪ್ಪ, ಮಗ ಚಹಾ ಕುಡಿಯುತ್ತ ಕಾದರು. ಬಾರುಕೋಲು ಹೇಗೆ ಹಿಡಿಯಬೇಕು, ಹೇಗೆ ಮುರಿಯಬೇಕು ಎಂದು ಮುದುಕ ಬರಿಗೈಯಲ್ಲೇ ತೋರಿಸಿಕೊಟ್ಟ. ದೇವಾನಂದ ಹುಡುಗನಂತೆ ಅದನ್ನೇ ಮತ್ತೆ ಮತ್ತೆ ಮಾಡಿ ನೋಡಿದ.

"ದೇವಾನಂದ್ ಸರ್, ನೀವು ಹಾಗೇ ಬೀಳಿ," ಎಂಬ ಕೂಗು ಬಂತು.

ಅವನು ಬಿದ್ದ. ಬಾರುಕೋಲು ಮೇಲೆದ್ದಿತು. ವ್ಯಾನಿನಿಂದ ಇಳಿದು ಬಂದ ಹೀರೋ ಅದನ್ನು ಕಸಿದು, ಮೊಣಕಾಲಿಗೆ ಬಡಿದು ಮುರಿದು ಎಸೆದ. ನೆರೆದ ಜನ ಚಪ್ಪಾಳೆ ತಟ್ಟಿ ಸಿಳ್ಳೆ ಹಾಕಿದರು. ಅಪ್ಪನೂ ತಟ್ಟಿದನೇನೋ, ಮಣ್ಣಿಗೆ ಮುಖವಿಟ್ಟವನಿಗೆ ಕಾಣಲಿಲ್ಲ. ಖುಷಿಪಡಬೇಕೋ ಸಿಟ್ಟಾಗಬೇಕೋ ಗೊತ್ತಾಗದೆ, ಕಟ್ ಅಂದ ಮೇಲೂ ಹಾಗೆಯೇ ಬಿದ್ದುಕೊಂಡಿದ್ದ.

ಮುದುಕನೇ ಬಂದು ತೋಳು ಹಿಡಿದು ಎಬ್ಬಿಸಿದ.

"ದೇವ್ಯಾ, ಕಸ್ಕೊಂಡನಲ್ಲ, ಆ ಹುಡುಗ ಇದರಾಗ ಯಾರ ಮಗ?"

"ಗೌಡನ ಮಗ, ಅಪ್ಪಾ. ಬೆಂಗಳೂರಾಗ ಓದಿ ಬಂದಾನ."

ಮಹಾದೇವಪ್ಪ ಮಗನ ಮುಖದ ಮಣ್ಣು ಒರೆಸುತ್ತಿದ್ದವನು ಕೈ ನಿಲ್ಲಿಸಿದ.

"ಹಂಗಾದ್ರ ನಾ ಯಾರ ಮಗ ಲೇ?"