ಟಾಕಿಯ ಸರದಿ

ನೀರಿನ ಟಾಕಿಯ ನೆರಳಲ್ಲಿ ಸೇರಿದ ಗ್ರಾಮಸಭೆಯಲ್ಲಿ ಎಂದಿನಂತೆ ಮೊದಲು ಊರಿನ ಕಟ್ಟಡಗಳೇ ಮಾತಾಡಿದವು. ಹಳ್ಳದ ಸೇತುವೆ ತನ್ನ ಬಿರುಕಿನ ಬಗ್ಗೆ ಗೊಣಗಿತು. ಶಾಲೆಯ ಮಾಳಿಗೆ ಸೋರುತ್ತೇನೆಂದು ಅತ್ತಿತು. ಎಲ್ಲ ಬರೆದುಕೊಂಡ ಹೊಸ ಇಂಜಿನಿಯರ್ ನಲವತ್ತು ವರ್ಷದ ಟಾಕಿಯನ್ನು ಅದರ ದೂರೇನೆಂದು ಕೇಳಿದರು. ಅದು ತುಟಿ ಬಿಚ್ಚಲಿಲ್ಲ.

“ಮಾತು ನಿಂತೈತಿ ಅಂದ್ರ ಇದರ ಕಥಿ ಮುಗೀತು. ಕೆಡವೋಣು,” ಎಂದರು.

ಊರಿಗೆ ನೀರು ಬಿಡುವ ನೀರುಗಂಟಿ ದ್ಯಾಮವ್ವ, ದಿನಾ ಮುಂಜಾನೆ ಮಾಡುವಂತೆಯೇ ಎದ್ದು ಹೋಗಿ, ವಾಲ್ವ್ ತಿರುಗಿಸುವ ಪಾನಾದಿಂದ ಟಾಕಿಯ ಕಂಬವನ್ನು ಮೂರು ಸಲ ತಟ್ಟಿ, “ಎಲ್ಲಿ ನೋಯಾಕತ್ತೈತಿ?” ಎಂದಳು.

“ಎಲ್ಲೂ ಇಲ್ಲ ಬೇ ಯಕ್ಕ,” ಎಂದಿತು ಟಾಕಿ. “ದಿನಾ ನೀನ ಕೇಳಿ ರಿಪೇರಿ ಮಾಡ್ತಿ. ಸಭಾದಾಗ ಹೇಳಾಕ ಏನ್ ಉಳದೈತಿ?”

ದ್ಯಾಮವ್ವ ಸೆರಗು ಸರಿಮಾಡಿಕೊಂಡು ತಲೆಯೆತ್ತಿ ನಿಂತಳು. ಹಳ್ಳದ ಕಡೆಯಿಂದ ಸೇತುವೆ ಕೂಗಿತು: “ಸಾಹೇಬ್ರ, ಸಿಮೆಂಟ್ ಆಮ್ಯಾಲ ಕಳಸ್ರಿ. ಮೊದಲ ನನಗೂ ಇಂಥಾಕಿ ಒಬ್ಬಾಕಿನ್ನ ಕೊಡ್ರಿ.”