ಹಂಪ್ ಇದ್ದ ಜಾಗ

ಅಂತಾರಾಷ್ಟ್ರೀಯ ಕಾರ್ ರೇಸ್ ನಮ್ಮ ಊರಿನ ರಸ್ತೆಗಳಲ್ಲೇ ನಡೆಯುವುದೆಂದು ತೀರ್ಮಾನವಾಯಿತು. ದಾರಿಯಲ್ಲಿದ್ದ ಹಂಪ್‌ಗಳನ್ನೆಲ್ಲ ಕೀಳಿಸುವ ಕೆಲಸ ಇಂಜಿನಿಯರ್ ಆದ ನನ್ನ ಪಾಲಿಗೆ ಬಂತು. ಸರ್ಕಾರಿ ಶಾಲೆಯ ಮುಂದಿನದು, ಮಗುವೊಂದು ಲಾರಿಗೆ ಸಿಕ್ಕಿ ಸತ್ತ ಮೇಲೆ ನಾನೇ ನಿಂತು ಹಾಕಿಸಿದ್ದು.

ಬಿಸಿಯೂಟದ ಅಡುಗೆಯಮ್ಮ ಸೌಟು ಹಿಡಿದೇ ಓಡಿ ಬಂದರು. "ಇದೊಂದು ಬಿಟ್ಬಿಡಿ ಸಾರ್, ಮಕ್ಕಳು ದಾಟೋ ಜಾಗ."

"ಆ ಕಾರುಗಳು ನೆಲಕ್ಕೆ ಅಂಟಿಕೊಂಡ ಹಾಗೆ ಓಡ್ತವಮ್ಮ, ಇದಿದ್ರೆ ಆಗಲ್ಲ. ರೇಸ್ ಮುಗಿದ ಮಾರನೇ ದಿನವೇ ಹಾಕಿಸ್ತೀನಿ."

"ಮಾತು ತಪ್ಪಲ್ಲ ತಾನೇ?"

"ಇಲ್ಲಮ್ಮ."

ರೇಸ್ ಮುಗಿಯಿತು. ವಿದೇಶಿಯರು ರಸ್ತೆಯನ್ನು ಹೊಗಳಿ ಹೋದರು.

"ಮುಂದಿನ ವರ್ಷವೂ ಇಲ್ಲೇ. ಮತ್ತೆ ಹಾಕಿ ಮತ್ತೆ ಕೀಳೋ ಖರ್ಚು ಯಾಕ್ರೀ?" ಎಂದರು ಸಾಹೇಬರು. ನಾನು ತಲೆಯಾಡಿಸಿದೆ. ಆಮೇಲೆ ಮೂರು ವಾರ ಆಫೀಸಿಗೆ ಸುತ್ತುದಾರಿಯಲ್ಲೇ ಹೋದೆ.

ಒಂದು ಬೆಳಿಗ್ಗೆ ತಡವಾಗಿತ್ತು. ವಿಧಿಯಿಲ್ಲದೆ ಅದೇ ರಸ್ತೆ ಹಿಡಿದೆ. ಶಾಲೆಯ ಹತ್ತಿರ ವಾಹನಗಳೆಲ್ಲ ನಿಧಾನವಾಗುತ್ತಿದ್ದವು. ಯಾರೋ ಪುಣ್ಯಾತ್ಮರು ಹಂಪ್ ಹಾಕಿಸಿದ್ದಾರೆ ಎಂದು ಎದೆ ಹಗುರಾಯಿತು.

ನನ್ನ ಮುಂದಿದ್ದ ಬಸ್ಸು ಪಕ್ಕಕ್ಕೆ ಸರಿಯಿತು. ಹಂಪ್ ಇದ್ದ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಅಡುಗೆಯಮ್ಮ ಕೂತಿದ್ದರು.