ನೂರಕ್ಕೆ ನೂರಾ ಹದಿಮೂರು

ಮೂರನೆಯ ಸಲವೂ ಅದೇ ಅಂಕಿ ಬಂತು: ನೂರಕ್ಕೆ ನೂರಾ ಹದಿಮೂರು. ಪಂಚಶೀಲಾ ಪೆನ್ನು ಕೆಳಗಿಟ್ಟಳು. ಸೇಡಂ ರಸ್ತೆಯ ಆ ಮಣ್ಣು ಪರೀಕ್ಷೆಯ ಲ್ಯಾಬಿಗೆ ಅವಳು ಸೇರಿ ಈ ಶನಿವಾರಕ್ಕೆ ಮೂರು ತಿಂಗಳು. ಕೆಲಸ ಕಾಯಂ ಆಗುವುದೋ ಇಲ್ಲವೋ ಎನ್ನುವ ಹೊತ್ತಿಗೇ ಈ ಹಾಳು ಅಂಕಿ ಬಂದು ಕೂತಿತ್ತು.

ಪರೀಕ್ಷೆಯೇನೋ ಸರಳ. ಒಣಗಿದ ಉಸುಕನ್ನು ಆಲಿಕೆಯಿಂದ ಉಕ್ಕಿನ ಡಬ್ಬಿಗೆ ಉಸಿರು ಬಿಗಿಹಿಡಿದು ಮೆಲ್ಲಗೆ ಸುರಿದರೆ, ಅದು ಎಷ್ಟು ಸಡಿಲ ಕೂರಬಹುದೋ ಅಷ್ಟು ಸಡಿಲ ಕೂರುತ್ತದೆ. ಅದು ಸೊನ್ನೆ. ಅದರ ಮೇಲೆ ಭಾರ ಹೇರಿ, ನಡುಗುವ ಟೇಬಲ್ಲಿನ ಮೇಲಿಟ್ಟು ಎಂಟು ನಿಮಿಷ ಗಡಗಡ ಅಲುಗಿಸಿದರೆ, ಇನ್ನು ಬಿಗಿಯಾಗಲಾರದಷ್ಟು ಬಿಗಿಯಾಗುತ್ತದೆ. ಅದು ನೂರು. ಪಾಯಕ್ಕೆ ಹಾಕಿದ ಉಸುಕು ಇವೆರಡರ ನಡುವೆ ಎಲ್ಲಿದೆ ಎಂದು ಹೇಳುವುದಷ್ಟೇ ಪಂಚಶೀಲಾಳ ಕೆಲಸ. ಕಮಲಾಪುರದಲ್ಲಿ ಕಟ್ಟುತ್ತಿದ್ದ ಅಂಗನವಾಡಿಯ ಪಾಯಕ್ಕೆ ಎಪ್ಪತ್ತು ಬಂದಿದ್ದರೆ ಸಾಕಿತ್ತು. ನೂರಾ ಹದಿಮೂರು ಎಂದರೆ ತಾಯಿಗಿಂತ ಮೊದಲು ಮಗ ಹುಟ್ಟಿದ ಹಾಗೆ.

“ಎಂಟು ನಿಮಿಷ ಪೂರ್ತಿ ಓಡಿಸಿದ್ಯೇನು?” ಲ್ಯಾಬಿನ ಮಾಲೀಕ ಅಮರನಾಥ ಕನ್ನಡಕದ ಮೇಲಿನಿಂದ ನೋಡಿದ.

“ಗಡಿಯಾರ ನೋಡಿ ಓಡಿಸೀನ್ರಿ ಸರ್. ಮೂರೂ ಸಲ.”

“ಹಂಗಾದ್ರ ನಿನ್ನ ಕೈಯಾಗೇ ಏನೋ ಐಬು ಅದ. ತೊಂಬತ್ತೆಂಟು ಅಂತ ಬರದು ಕೊಡು, ನಾಳಿ ಅವರು ಕಾಂಕ್ರೀಟ್ ಹಾಕೋರಿದ್ದಾರ. ಸೋಮವಾರದಿಂದ ಟೇಬಲ್ ಮೆಹರೀನ್ ನೋಡ್ಕೋತಾಳ. ನೀ ಆಕಿ ಕಂಪ್ಯೂಟರ್ ಮುಂದ ಕೂತು ರಿಪೋರ್ಟ್ ಟೈಪ್ ಮಾಡು.”

ಪಂಚಶೀಲಾಳಿಗೆ ಸಿಟ್ಟು ನೆತ್ತಿಗೇರಿತು. ಕೋಟನೂರಿನಿಂದ ದಿನಾ ಆಟೊದಲ್ಲಿ ತುರುಕಿಕೊಂಡು ಬರುತ್ತಿದ್ದದ್ದು ಟೈಪ್ ಮಾಡುವುದಕ್ಕಲ್ಲ. ಆ ಟೇಬಲ್ಲೆಂದರೆ ಅವಳಿಗೆ ಜೀವ. ಅದರ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದಳು. “ನನ್ನ ಕೈ ಬರೋಬ್ಬರಿ ಅದ ಸರ್. ಉಸುಕಿನಾಗೇ ಏನೋ ಆಗ್ಯಾದ. ನಾ ಕಮಲಾಪುರಕ್ಕ ಹೋಗಿ ಬರ್ತೀನಿ,” ಎಂದವಳು ಅವನ ಉತ್ತರಕ್ಕೂ ಕಾಯದೆ ಬಸ್ಸು ಹಿಡಿದಳು.

ಕಮಲಾಪುರದಲ್ಲಿ ಮೇಸ್ತ್ರಿ ದೌಲಪ್ಪ ಕೈಗೆ ಎರಡು ಕೆಂಪು ಬಾಳೆಹಣ್ಣು ಕೊಟ್ಟೇ ಮಾತಿಗೆ ನಿಂತ. ಪಾಯದ ಉಸುಕು ಎಷ್ಟು ಬಿಗಿಯಾಗಿದೆ ಎಂದು ಲ್ಯಾಬಿನ ಗುಫ್ರಾನ್ ಮಂಗಳವಾರವೇ ಬಂದು ಅಳೆದುಕೊಂಡು ಹೋಗಿದ್ದ. ಪರೀಕ್ಷೆಗೆ ಬೇಕಾದ ಉಸುಕಿನ ಚೀಲವನ್ನು ಮಾತ್ರ ದೌಲಪ್ಪ ಆಮೇಲೆ ಬಸ್ಸಿಗೆ ಹಾಕಿ ಕಳಿಸಿದ್ದ. ಅಂಕಿ ಕೇಳಿದ್ದೇ ತಡ, ಅವನ ಎದೆ ಉಬ್ಬಿತು.

“ನೂರಕ್ಕ ನೂರಾ ಹದಿಮೂರೇನ್ರಿ? ನಾನೇ ಮುಂದ ನಿಂತು ಉಸುಕು ಬಡಸೀನಿ ನೋಡ್ರಿ ಮೇಡಂ.”

ಪಂಚಶೀಲಾ ಪಾಯಕ್ಕಿಳಿದು ಒಂದು ಹಿಡಿ ಉಸುಕು ತೆಗೆದಳು. ಅಂಗೈಗೆಲ್ಲ ಸಣ್ಣ ಧೂಳು ಮೆತ್ತಿಕೊಂಡಿತು, ಬೆರಳಿಗೆ ಹರಳು ಸಿಕ್ಕವು. ಚೀಲದ ಉಸುಕು ಮುಟ್ಟಿದರೆ ಕೈಗೆ ಏನೂ ಅಂಟುತ್ತಿರಲಿಲ್ಲ.

“ನೀವು ಕಳಿಸಿದ್ದು ಇದೇ ಉಸುಕೇನ್ರಿ?”

“ಇದೇ ರೀ. ಆದ್ರ ಹಿಂಗ ಹೊಲಸು ಹೊಲಸು ಹೆಂಗ ಕಳಸ್ಲಿ? ದೊಡ್ಡ ಮಷೀನಿಗಿ ಹೋಗೂದು ಅಂತ ಎರಡು ಸಲ ಸಾಣಿಗಿ ಹಿಡಸೀನಿ. ನಮ್ಮ ಮನಿಯಾಕಿ ನೀರಾಗ ತೊಳದು ಬಿಸಲಿಗಿ ಹಾಕ್ಯಾಳ. ಬೀಗರು ಬರ್ತಾರಂದ್ರ ಮನಿ ಸಾರಸೂದಿಲ್ಲೇನು?”

ನಗಬೇಕೋ ಅಳಬೇಕೋ ಪಂಚಶೀಲಾಳಿಗೆ ತಿಳಿಯಲಿಲ್ಲ. “ದೌಲಪ್ಪಣ್ಣ, ದೊಡ್ಡ ಹರಳಿನ ಸಂದಿಯೊಳಗ ಹೊಕ್ಕು ಉಸುಕು ಬಿಗಿ ಮಾಡೂದೇ ಈ ಸಣ್ಣ ಧೂಳು. ನೀವು ಅದನ್ನೇ ತೊಳದು ಬಿಟ್ರಿ. ನಿಮ್ಮ ಚೀಲದ್ದು ಎಷ್ಟು ಅಲುಗಿಸಿದ್ರೂ ಪಾಯದಾಗಿನಷ್ಟು ಬಿಗಿ ಆಗೂದಿಲ್ಲ. ನಾ ಬೀಗತಿ ಅಲ್ರಿ, ಡಾಕ್ಟರ್ ಇದ್ದಂಗ. ಹೆಂಗದನೋ ಹಂಗೇ ತೋರಿಸಬೇಕು. ನಾ ಫೋನ್ ಮಾಡೋತನ ಕಾಂಕ್ರೀಟ್ ಹಾಕಬ್ಯಾಡ್ರಿ.”

ತಾನೇ ಪಾಯದಿಂದ ಚೀಲ ತುಂಬಿಕೊಂಡಳು. ಬಸ್ಸಿನಲ್ಲಿ ಕಾಲ ಬುಡದಲ್ಲಿಟ್ಟುಕೊಂಡು ತಂದಳು, ಒಣಗಿಸಿದಳು, ಸುರಿದಳು, ಅಲುಗಿಸಿದಳು. ಶುಕ್ರವಾರ ಸಂಜೆ ಬಂದದ್ದು ಅರವತ್ತನಾಲ್ಕು. ಅಮರನಾಥ ಹಾಳೆ ಎಳೆದುಕೊಂಡು ತಾನೇ ಎರಡು ಸಲ ಲೆಕ್ಕ ಹಾಕಿದ. ತೊಂಬತ್ತೆಂಟು ಎಂದು ಬರೆದ ಕಾಗದಕ್ಕೆ ತಾನು ಸಹಿ ಹಾಕಲಿದ್ದದ್ದು ನೆನಪಾಗಿ ಅವನ ಮುಖ ಸಣ್ಣಗಾಯಿತು.

ಪಂಚಶೀಲಾ ದೌಲಪ್ಪನಿಗೆ ಫೋನ್ ಮಾಡಿ ಅಂಕಿ ಹೇಳಿದಳು. “ಆರು ಕಡಿಮಿ ಅಂತೀರಿ,” ಎಂದ ಅವನು. “ಕೂಸುಗೋಳು ಕೂಡೋ ಜಾಗ ರೀ ಅದು. ನೀರು ಹಾಕಿ ಮತ್ತೊಮ್ಮೆ ಬಡಸ್ತೀನಿ. ಅಳ್ಯಾಕ ಗುಫ್ರಾನಗ ಕಳಸ್ರಿ.”

ಸೋಮವಾರ ಬೆಳಿಗ್ಗೆ ಪಂಚಶೀಲಾ ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ ಟೇಬಲ್ಲಿನ ಹತ್ತಿರ ಹೋಗಿ ನಿಂತಳು. ಮೆಹರೀನ್ ಒಮ್ಮೆ ಮಾಲೀಕನ ಮುಖ ನೋಡಿ, ತನ್ನ ಜಾಗದಲ್ಲೇ ಕೂತಳು. ಪಾಯವನ್ನು ಮತ್ತೆ ಅಳೆದು ಬಂದಿದ್ದ ಗುಫ್ರಾನ್ ದೌಲಪ್ಪ ಕೊಟ್ಟ ಹೊಸ ಚೀಲ ತಂದಿಳಿಸಿದ. ಅದನ್ನು ಟೇಬಲ್ಲಿನ ಮೇಲಿದ್ದ ಅಗಲ ತಟ್ಟೆಗೆ ಸುರಿದಾಗ ಧೂಳೆದ್ದಿತು. ಹರಳು, ಒಂದು ಜಾಲಿಮುಳ್ಳು, ಚಪ್ಪಲಿಯ ಬಾರಿನ ತುಂಡು, ಅರ್ಧ ಸೇದಿದ ಒಂದು ಬೀಡಿ, ಎಲ್ಲ ಇದ್ದವು.

“ಥೂ, ಏನಿದು,” ಎನ್ನುತ್ತ ಅಮರನಾಥ ಬೀಡಿಯ ತುಂಡಿಗೆ ಕೈ ಚಾಚಿದ.

“ಕೈ ಹಚ್ಚಬ್ಯಾಡ್ರಿ ಸರ್,” ಎಂದಳು ಪಂಚಶೀಲಾ. “ಈ ಟೇಬಲ್ ನಂದದ.”

ಅಮರನಾಥ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.